ಬೆಣ್ಣೆ ಊರಲ್ಲಿ ಒಂದು ಬಾಟ್ಲಿ ಜಿನ್

ನಮ್ ದಾವಣಗೆರೆಲಿ ಜಿನ್ ಕುಡಿತೀನಿ ಅಂದ್ರೆ ಜನ ಒಂಥರಾ ನೋಡ್ತಾರೆ. ಇಲ್ಲಿ ವಿಸ್ಕಿ ನೈಂಟಿ, ಬೇಸಿಗೆ ಬಂದ್ರೆ ಬಿಯರ್, ಚಳಿಗೆ ರಮ್ಮು, ಇಷ್ಟೇ ಲೆಕ್ಕ. ಬಾರಲ್ಲಿ ಕೂತು ಜಿನ್ ಕೇಳಿದ್ರೆ ಸಪ್ಲೈಯರ್ ಒಂದ್ಸಲ ಮುಖ ನೋಡಿ, ಒಳಗೆ ಹೋಗಿ, ಯಾವ್ದೋ ಧೂಳು ಹಿಡ್ದಿರೋ ಬ್ಲೂ ರಿಬ್ಯಾಂಡ್ ಬಾಟ್ಲಿ ಒರಸ್ಕೊಂಡು ಬರ್ತಾನೆ, ಜೊತೆಗೆ ಕೇಳದೇನೇ ಒಂದು ಸ್ಪ್ರೈಟು. ಪಕ್ಕದ ಟೇಬಲಿಂದ 'ಅದು ಲೇಡೀಸ್ ಡ್ರಿಂಕ್ ಅಲ್ವೇನಲೇ' ಅಂತ ಒಬ್ರಾದ್ರೂ ಅಂತಾರೆ. ಅನ್ಲಿ ಬಿಡ್ರಿ. ಸ್ಪ್ರೈಟ್ ಸುರ್ಕೊಂಡು ಕುಡಿದ್ರೆ ಜಿನ್ ಏನು, ಯಾವ್ದ್ ಹಾಕಿದ್ರೂ ಒಂದೇ ರುಚಿ, ಅದಕ್ಕೆ ಜಿನ್ ಮೇಲೆ ಯಾರಿಗೂ ಮರ್ಯಾದೆ ಹುಟ್ಟಿಲ್ಲ ಅನ್ಸುತ್ತೆ.

ಆದ್ರೆ ಈ ಏಳೆಂಟು ವರ್ಷದಲ್ಲಿ ನಮ್ ದೇಶದ ಜಿನ್ ಕಥೆನೇ ಬದಲಾಗಿದೆ. 2017ರಲ್ಲಿ ಗೋವಾದಲ್ಲಿ ಗ್ರೇಟರ್ ದ್ಯಾನ್ ಅಂತ ಒಂದು ಬಂತು, ಅದ್ರ ಬೆನ್ನಿಗೇ 2018ರಲ್ಲಿ ಹಪುಸ, ಸ್ಟ್ರೇಂಜರ್ ಅಂಡ್ ಸನ್ಸ್, ರಾಜಸ್ಥಾನದ ಹೆಸರಿಟ್ಕೊಂಡ ಜೈಸಲ್ಮೇರ್, ಆಮೇಲೆ ನಮ್ ಬೆಂಗಳೂರಿನ ಅಮೃತ್‌ನೋರೇ ನೀಲಗಿರಿ ಟೀ ಎಲೆ ಹಾಕಿ ನೀಲ್‌ಗಿರೀಸ್ ಅಂತ ಒಂದು ತಂದ್ರು. ಇವನ್ನೆಲ್ಲ ಕ್ರಾಫ್ಟ್ ಜಿನ್ ಅಂತಾರೆ, ಅಂದ್ರೆ ಸಣ್ಣ ಪ್ರಮಾಣದಲ್ಲಿ ಮುತುವರ್ಜಿಯಿಂದ ಮಾಡೋ ಜಿನ್. ನಮ್ ಭಾವ ಬೆಂಗಳೂರಿಗೆ ಹೋದಾಗ ಒಂದು ಸ್ಟ್ರೇಂಜರ್ ಅಂಡ್ ಸನ್ಸ್ ತಗೊಂಡ್ ಬಂದಿದ್ರು, ಲೇಬಲ್ ಮೇಲೆ ಅರ್ಧ ಒಂದು ಪ್ರಾಣಿ ಅರ್ಧ ಇನ್ನೊಂದು ಪ್ರಾಣಿ ಅನ್ನೋ ಹಂಗೆ ಚಿತ್ರಗಳು, ನೋಡೋಕೇ ಮಜಾ. ಗೋವಾದಲ್ಲೇ ಭಟ್ಟಿ ಇಳ್ಸಿದ್ದು. 2020ರಲ್ಲಿ ಲಂಡನ್ನಿನ ಐಡಬ್ಲ್ಯೂಎಸ್‌ಸಿ ಅನ್ನೋ ಮದ್ಯದ ಸ್ಪರ್ಧೆಲಿ ಗೋಲ್ಡ್ ಔಟ್‌ಸ್ಟ್ಯಾಂಡಿಂಗ್ ಅಂತ ದೊಡ್ಡ ಪದಕನೇ ಹೊಡ್ಕೊಂಡಿದೆ.

ಅದ್ರೊಳಗೆ ಏನೇನಿದೆ ಅಂತ ಓದಿದ್ರೆ ನಮ್ ಅಡುಗೆಮನೆ ಮಸಾಲೆ ಡಬ್ಬಿನೇ ಕಣ್ರೀ. ಕೊತ್ತಂಬರಿ ಬೀಜ, ಕರಿಮೆಣಸು, ಜಾಯಿಕಾಯಿ, ಜಾಪತ್ರೆ, ಜೇಷ್ಠಮಧು, ಚಕ್ಕೆ ಜಾತಿದೇ ಆದ ಕ್ಯಾಸಿಯಾ, ಏಂಜೆಲಿಕಾ ಅನ್ನೋ ಒಂದು ಬೇರು, ಬಂಗಾಳದ ಕಡೆ ಬೆಳೆಯೋ ಗೊಂಧೊರಾಜ್ ನಿಂಬೆ ಸಿಪ್ಪೆ, ನಾಗಪುರ ಕಿತ್ತಳೆ ಸಿಪ್ಪೆ. ಇದೆಲ್ಲದ್ರ ಜೊತೆ ಜೂನಿಪರ್. ಜೂನಿಪರ್ ಇಲ್ದೆ ಜಿನ್ ಇಲ್ಲ, ಅದೇ ಅದ್ರ ಮೂಲ. ಎಲ್ರೂ ಅದನ್ನ ಬೆರ್ರಿ ಅಂತಾರೆ, ನಿಜಕ್ಕೂ ಅದು ಹಣ್ಣೇ ಅಲ್ಲ, ಪೈನ್ ಮರಕ್ಕೆ ಕಾಯಿ ಬಿಡುತ್ತಲ್ಲ, ಆ ಜಾತಿದೇ ಒಂದು ಪುಟ್ಟ ಕೋನು, ಸಿಪ್ಪೆ ಮೆತ್ತಗಾಗಿ ಹಣ್ಣಿನ ಹಂಗೆ ಕಾಣುತ್ತೆ ಅಷ್ಟೆ, ಮಾಗೋಕೆ ಎರಡು ಮೂರು ವರ್ಷನೇ ತಗೊಳುತ್ತೆ.

ಇಲ್ಲೊಂದು ವಿಷ್ಯ ತಲೇಲಿಟ್ಕೊಂಡ್ರೆ ಆಮೇಲೆ ಕಾಕ್‌ಟೇಲ್ ಮಾಡೋದೆಲ್ಲ ಸಲೀಸು. ಜಿನ್ ಅಂದ್ರೆ ಮೊದ್ಲು ರುಚಿ ಬಣ್ಣ ವಾಸನೆ ಏನೂ ಇಲ್ದಿರೋ ಸ್ಪಿರಿಟ್, ಅದಕ್ಕೆ ಇಎನ್‌ಎ ಅಂತಾರೆ, ಕಾಕಂಬಿಯಿಂದನೂ ಮಾಡ್ತಾರೆ, ಮೆಕ್ಕೆಜೋಳ ಅಕ್ಕಿಯಂಥ ಧಾನ್ಯದಿಂದನೂ ಮಾಡ್ತಾರೆ (ಮೆಕ್ಕೆಜೋಳ ಅಂದ್ ಮೇಲೆ ನಮ್ಮ ಎಪಿಎಂಸಿ ಯಾರ್ಡ್ ನೆನಪಾಗ್ದೆ ಇರುತ್ತಾ). ಅದ್ರಲ್ಲಿ ಈ ಮಸಾಲೆ ಸಿಪ್ಪೆ ಎಲ್ಲ ನೆನೆಹಾಕಿ, ತಾಮ್ರದ ಹಂಡೆಲಿ ಮತ್ತೆ ಕಾಯ್ಸಿ ಆವಿ ಹಿಡಿತಾರೆ. ಆವಿ ಜೊತೆ ಮೇಲಕ್ಕೆ ಬರೋದು ಏನು? ಖಾರ ಬರಲ್ಲ, ಸಿಹಿ ಬರಲ್ಲ, ಬಣ್ಣ ಬರಲ್ಲ, ಬರೋದು ಬರೀ ಎಣ್ಣೆ, ಸುಗಂಧದ ಎಣ್ಣೆ. ಕೊತ್ತಂಬರಿ ಬೀಜ ಕೈಲಿ ಹೊಸಕಿದ್ರೆ ಮೂಗಿಗೆ ಬರುತ್ತಲ್ಲ, ಕಿತ್ತಳೆ ಸಿಪ್ಪೆ ಮಡಚಿದ್ರೆ ಕಣ್ಣಿಗೆ ಚಿಮ್ಮುತ್ತಲ್ಲ, ಅದೇ. ಆಲ್ಕೋಹಾಲ್ ಆ ಎಣ್ಣೆನ ಕರಗಿಸಿ ಹಿಡ್ಕೊಂಡಿರುತ್ತೆ. ಹಂಗಾಗಿ ಒಳ್ಳೆ ಜಿನ್‌ಗೆ ದುಡ್ಡು ಕೊಡೋದು ಆ ಎಣ್ಣೆಗೆ. ಕಡಿಮೆ ಬೆಲೆಯ ಎಷ್ಟೋ ಜಿನ್‌ಗಳಲ್ಲಿ ಭಟ್ಟಿ ಗಿಟ್ಟಿ ಏನೂ ಇಲ್ಲ, ಸ್ಪಿರಿಟ್‌ಗೆ ಎಸೆನ್ಸ್ ಬೆರ್ಸಿ ಬಾಟ್ಲಿ ತುಂಬೋದೇ.

ಭಾನುವಾರ ಸಂಜೆ ಟೆರೇಸ್ ಮೇಲೆ ಕೂತ್ವಿ, ನಾನು, ಭಾವ, ಪಕ್ಕದ ರೋಡಿನ ಡಾಕ್ಟರ್ ಫ್ರೆಂಡು. ಏಪ್ರಿಲ್ ತಿಂಗ್ಳು, ಸೂರ್ಯ ಮುಳುಗಿದ್ರೂ ತಾರಸಿ ಕಾಲು ಸುಡ್ತಿತ್ತು. ಫಸ್ಟ್ ಏನೂ ಬೆರಸ್ದೆ ಬರೀ ಜಿನ್ ಮೂಸಿ ನೋಡೋಣ ಅಂತ ಚಿಕ್ ಚಿಕ್ ಗ್ಲಾಸಿಗೆ ಹಾಕಿದ್ದಾಯ್ತು. ಭಾವ ಮೂಗಿಟ್ಟವ್ರೇ 'ಏ, ಇದು ನೆಲ ಒರೆಸೋ ಫಿನಾಯಿಲ್ ತರ ಐತಲ್ಲೋ' ಅಂದ್ರು. ಎಲ್ಲ ನಕ್ವಿ, ಆದ್ರೆ ಅವ್ರು ಹೇಳಿದ್ದು ಸುಳ್ಳಲ್ಲ. ಬಿಳಿ ಫಿನಾಯಿಲ್‌ಗೆ ಹಾಕೋದು ಪೈನ್ ಎಣ್ಣೆ, ಜೂನಿಪರ್‌ನಲ್ಲಿರೋ ಪೈನೀನ್ ಅನ್ನೋ ವಾಸನೆ ಅಂಶನೂ ಅದೇ ಬಳಗದ್ದು, ಮೂಗು ಸರಿಯಾಗೇ ಹಿಡಿದಿದೆ. ಅದು ಮೊದಲ ಏಟು ಮಾತ್ರ. ಒಂದೆರಡು ನಿಮಿಷ ಗ್ಲಾಸ್ ಹಂಗೇ ಬಿಟ್ರೆ ಆ ವಾಸನೆ ಹಿಂದೆ ಸರಿದು ಸಿಪ್ಪೆ ವಾಸನೆ ಬರುತ್ತೆ, ನಿಂಬೆಗಿಂತ ಕಿತ್ತಳೆ ಕಡೆ ಜಾಸ್ತಿ, ಅದ್ರ ಹಿಂದೆನೇ ಕೊತ್ತಂಬರಿ ಬೀಜ. ಕುಡಿದಾಗ ನಾಲ್ಗೆ ತುದಿಗೆ ಸ್ವಲ್ಪ ಸಿಹಿ ಅನ್ಸುತ್ತೆ, ಸಕ್ಕರೆ ಹಾಕಿರಲ್ಲ, ಭಟ್ಟಿಲಿ ಸಿಹಿ ಬರೋದೂ ಇಲ್ಲ, ನಂಗನ್ಸೋದು ಅದು ಸಿಹಿ ವಾಸನೆ ನಾಲ್ಗೆಗೆ ಮಾಡೋ ಮೋಸ, ಮತ್ತೆ ಗಂಟಲು ದಾಟಿದ್ ಮೇಲೆ ಮೆಣಸು, ಜಾಯಿಕಾಯಿ ಬೆಚ್ಚಗೆ ಉಳ್ಕೊಳುತ್ತೆ.

ಒಂದ್ ಸ್ಪೂನ್ ನೀರು ಹಾಕಿದ್ರೆ ಇನ್ನೂ ತೆರ್ಕೊಳುತ್ತೆ. ನೀರು ಬಿದ್ದಾಗ ಆಲ್ಕೋಹಾಲ್ ಹಿಡಿತ ಸಡ್ಲ ಆಗಿ ಎಣ್ಣೆ ಈಚೆ ಬರುತ್ತೆ, ಎಣ್ಣೆ ಜಾಸ್ತಿ ಇರೋ ಕೆಲವು ಜಿನ್‌ಗೆ ನೀರೋ ಐಸೋ ಹಾಕಿದ್ ತಕ್ಷಣ ಮಬ್ಬಾಗಿ ಹಾಲುಬಣ್ಣಕ್ಕೆ ತಿರುಗುತ್ತೆ, ನಮ್ದು ಹಂಗೇನೂ ಆಗ್ಲಿಲ್ಲ. ಹಂಗಾದ್ರೂ ಕೆಟ್ಟಿದೆ ಅಂತ ಚೆಲ್ಬೇಡಿ ಮಾರಾಯ್ರೆ.

ಬಾಟ್ಲಿ ಮೇಲೆ 42.8 ಪರ್ಸೆಂಟ್ ಅಂತ ಇದೆ. ನಮ್ ದೇಶದ ಸುಮಾರು ವಿಸ್ಕಿ ರಮ್ಮುಗಳ ಮೇಲೂ ಇದೇ ನಂಬರ್, ಯಾಕಿಂಗೆ ವಕ್ರವಾಗಿದೆ ಅಂತ ಡಾಕ್ಟ್ರು ಕೇಳಿದ್ರು. ಬ್ರಿಟಿಷರ ಹಳೆ ಪ್ರೂಫ್ ಲೆಕ್ಕ ಅದು. ಬಂದೂಕಿನ ಮದ್ದಿಗೆ ಸ್ಪಿರಿಟ್ ಸುರಿದು ಬೆಂಕಿ ಹಚ್ಚೋರಂತೆ, ಮದ್ದು ಹತ್ಕೊಂಡ್ರೆ ಮಾಲು ಸ್ಟ್ರಾಂಗು, ಹತ್ಕೊಳ್ಳಲಿಲ್ಲ ಅಂದ್ರೆ ನೀರು ಬೆರ್ಸಿದಾನೆ ಅಂತ. ಆಮೇಲೆ ಆ ಗೆರೆನ 57.1 ಪರ್ಸೆಂಟ್ ಹತ್ರ ನಿಗದಿ ಮಾಡಿ ಅದನ್ನ 100 ಪ್ರೂಫ್ ಅಂದ್ರು, ಅದ್ರಲ್ಲಿ 75 ಪ್ರೂಫ್ ಅಂದ್ರೆ ಬರೋದೇ 42.8. ಚಿತ್ರದುರ್ಗದ ಕೋಟೆಲಿ ಮದ್ದು ಅರೆಯೋ ಆ ದೊಡ್ಡ ಬೀಸುಕಲ್ಲು ನೋಡಿದೀರಲ್ಲ, ಭಾವ ದುರ್ಗದೋರು, ಅಲ್ಲಿಗೆ ಮಾತು ಹೊರಳಿ ಮದಕರಿ ನಾಯಕ, ಓಬವ್ವ ಅಂತ ಅರ್ಧ ಗಂಟೆ ಹೋಯ್ತು, ದುರ್ಗದೋರ ಜೊತೆ ಕೂತ್ರೆ ಇದು ಇದ್ದಿದ್ದೇ.

ಸರಿ, ಜಿನ್ ಅಂಡ್ ಟಾನಿಕ್. ಟಾನಿಕ್ ನೀರಿನ ಕಹಿ ಬರೋದು ಕ್ವಿನೈನ್‌ನಿಂದ, ಸಿಂಕೋನಾ ಮರದ ತೊಗಟೆದು. 1860ರ ದಶಕದಲ್ಲಿ ಬ್ರಿಟಿಷರು ಊಟಿ ಕಡೆ ಇದ್ರ ತೋಟನೇ ಮಾಡಿದ್ರು, ಮಲೇರಿಯಾಕ್ಕೆ. ಕಹಿ ತಡಿಯಕ್ಕಾಗ್ದೆ ಸೋಡಾ, ಸಕ್ಕರೆ, ನಿಂಬೆ, ಜಿನ್ ಹಾಕ್ಕೊಂಡು ಕುಡಿದ್ರು ಅನ್ನೋ ಕಥೆ ಎಲ್ರೂ ಹೇಳ್ತಾರೆ. ಭಾವ 'ಹಂಗಾದ್ರೆ ಇದು ಔಷಧಿನೇ' ಅಂದಿದ್ದಕ್ಕೆ ಡಾಕ್ಟ್ರು ಲೆಕ್ಕ ಹಾಕಿ ತೋರ್ಸಿದ್ರು, ಅಮೆರಿಕದ ನಿಯಮದಲ್ಲಿ ಟಾನಿಕ್‌ಗೆ ಲೀಟರಿಗೆ ಹೆಚ್ಚಂದ್ರೆ 83 ಮಿಲಿಗ್ರಾಂ ಕ್ವಿನೈನ್ ಹಾಕ್ಬೋದು, ಮಲೇರಿಯಾ ರೋಗಿಗೆ ದಿನಕ್ಕೆ ಬೇಕಾಗೋದು ಎರಡು ಗ್ರಾಂ ಹತ್ರ, ಅಂದ್ರೆ ದಿನಕ್ಕೆ ಇಪ್ಪತ್ತು ಲೀಟರಿಗಿಂತ ಜಾಸ್ತಿ ಟಾನಿಕ್ ಕುಡಿಬೇಕು. ಭಾವ ಸುಮ್ಮನಾದ್ರು.

ನನ್ ತಕರಾರು ಟಾನಿಕ್‌ನ ಸಕ್ಕರೆ ಮೇಲೆ. ಕಹಿ ಇದ್ಯಲ್ಲ ಅಂತ ಜನ ಅದ್ರಲ್ಲಿ ಸಕ್ಕರೆನೇ ಇಲ್ಲ ಅನ್ಕೊಂಡಿರ್ತಾರೆ, ಕ್ಯಾನ್ ತಿರುಗಿಸಿ ಓದಿ ನೋಡಿ, ಸುಮಾರು ಬ್ರ್ಯಾಂಡ್‌ಗಳಲ್ಲಿ ಮಾಮೂಲಿ ಕೂಲ್‌ಡ್ರಿಂಕ್‌ಗೆ ಹತ್ರಹತ್ರ ಇರುತ್ತೆ. 60 ಎಂಎಲ್ ಜಿನ್‌ಗೆ ಇಡೀ ಕ್ಯಾನ್ ಸುರಿದ್ರೆ ಕೊತ್ತಂಬರಿನೂ ಇಲ್ಲ ಮೆಣಸೂ ಇಲ್ಲ, ಸ್ಪ್ರೈಟ್ ಹಾಕಿದ್ದಕ್ಕೂ ಇದಕ್ಕೂ ಏನ್ ವ್ಯತ್ಯಾಸ. ನಮ್ ಸೆಖೆಗೆ ಸರಿ ಹೋಗಿದ್ದು 60 ಜಿನ್, 75 ಟಾನಿಕ್, 75 ಸೋಡಾ. ಕಹಿ ಇರುತ್ತೆ, ಸಿಹಿ ಅರ್ಧಕ್ಕೆ ಇಳಿಯುತ್ತೆ, ಮೆಣಸು ಕೊನೇವರೆಗೂ ಸಿಗುತ್ತೆ.

ಐಸ್ ಬಗ್ಗೆ ಒಂದ್ ಮಾತು ಹೇಳ್ಲೇಬೇಕು. ಫ್ರಿಜ್ ಜೊತೆ ಕೊಡೋ ಟ್ರೇಲಿ ಬರೋ ಸಣ್ ಸಣ್ ಐಸು ಈ ಊರಿನ ಏಪ್ರಿಲ್‌ಗೆ ಐದು ನಿಮಿಷ ನಿಲ್ಲಲ್ಲ, ಕರಗಿ ಎಲ್ಲ ನೀರಾಗುತ್ತೆ. ಸ್ಟೀಲ್ ಬಟ್ಲಲ್ಲಿ ನೀರು ತುಂಬಿ ದೊಡ್ಡ ಗಡ್ಡೆ ಮಾಡಿ ಒಡ್ಕೊಳ್ಳಿ. ಮತ್ತೆ ಬಟ್ಲಿಗೆ ಮುಚ್ಚಳ ಬೇಕೇ ಬೇಕು, ಇಲ್ಲಾಂದ್ರೆ ಫ್ರಿಜ್‌ನಲ್ಲಿರೋ ನಿನ್ನೆ ಸಾರು, ಶೇಂಗಾ ಚಟ್ನಿ, ಬೆಳ್ಳುಳ್ಳಿ ಎಲ್ಲದ್ರ ವಾಸನೆ ಐಸ್‌ಗೆ ಹತ್ತಿರುತ್ತೆ, ಅಷ್ಟು ದುಡ್ಡು ಕೊಟ್ಟು ತಂದ ಜಿನ್‌ಗೆ ಬೆಳ್ಳುಳ್ಳಿ ಘಮ ಯಾಕ್ ಬೇಕು.

ಗ್ಲಾಸಿಗೆ ನಿಂಬೆ ಹೋಳು ಹಿಂಡಿ ಒಳಗೆ ಹಾಕೋ ಅಭ್ಯಾಸನೂ ಬಿಡಿ. ಹುಳಿ ರಸ ಜಿನ್‌ನ ಸಣ್ಣ ವಾಸನೆನೆಲ್ಲ ಮುಚ್ಚುತ್ತೆ. ಬೇಕಾಗಿರೋದು ಸಿಪ್ಪೆ. ಉಪ್ಪಿನಕಾಯಿಗೆ ಅಂತ ಅಮ್ಮ ಸಂತೆಯಿಂದ ಹೆರಳೆಕಾಯಿ ತಂದಿದ್ರು, ಅದ್ರ ಸಿಪ್ಪೆ ಒಂದು ಚೂರು ತೆಳ್ಳಗೆ ಕತ್ತರಿಸ್ಕೊಂಡು, ಬಿಳಿ ಭಾಗ ತೆಗ್ದು (ಅದು ಕಹಿ), ಗ್ಲಾಸ್ ಮೇಲೆ ಹಿಡ್ದು ತಿರುಚಿದೆ. ಕಣ್ಣಿಗೆ ಕಾಣೋ ಹಂಗೆ ಎಣ್ಣೆ ಹನಿ ಚಿಮ್ಮಿ ಮೇಲೆ ತೇಲಿತು, ಬಾಯಿ ಹತ್ರ ತಗೊಂಡ್ ಹೋಗೋ ಮೊದ್ಲೇ ಘಮ್ ಅಂತು. ಅವತ್ತು ಮಾಡಿದ್ದ್ರಲ್ಲೆಲ್ಲ ಬೆಸ್ಟ್ ಗ್ಲಾಸ್ ಇದೇ ಅಂತ ನನ್ ಓಟು. ಗೊಂಧೊರಾಜ್ ನಿಂಬೆ ದಾವಣಗೆರೆಲಿ ಎಲ್ಲಿಂದ ತರೋದು, ಹೆರಳೆಕಾಯಿ ಇರೋವಾಗ ತರೋದಾದ್ರೂ ಯಾಕೆ. ಅಮ್ಮನಿಗೆ ಮಾತ್ರ ಸಿಪ್ಪೆ ಸುಲಿದ ಕಾಯಿ ನೋಡಿ ಸಿಟ್ಟು ಬಂತು, ಏನಕ್ಕೆ ಅಂತ ಕೇಳಿದ್ರು, ಜ್ಯೂಸಿಗೆ ಅಂದೆ.

ಇದೇ ಸಿಪ್ಪೆ ಲಾಜಿಕ್ಕಲ್ಲಿ ಗಿಮ್ಲೆಟ್ ಮಾಡ್ಬೋದು. ಗಿಮ್ಲೆಟ್ ಅಂದ್ರೆ ಜಿನ್ ಮತ್ತೆ ಲೈಮ್ ಕಾರ್ಡಿಯಲ್, ಅಷ್ಟೇ. 1867ರಲ್ಲಿ ಬ್ರಿಟಿಷ್ ಹಡಗಿನವ್ರಿಗೆ ಸ್ಕರ್ವಿ (ವಸಡಲ್ಲಿ ರಕ್ತ ಬರೋ ರೋಗ) ಬರದೇ ಇರ್ಲಿ ಅಂತ ನಿಂಬೆರಸ ಕೊಡ್ಲೇಬೇಕು ಅಂತ ಕಾನೂನಾಯ್ತು, ಅದೇ ವರ್ಷ ಲಾಕ್ಲನ್ ರೋಸ್ ಅನ್ನೋರು ಆಲ್ಕೋಹಾಲ್ ಇಲ್ದೆ ಸಕ್ಕರೆ ಹಾಕಿ ನಿಂಬೆರಸ ಕೆಡದಂಗೆ ಇಡೋಕೆ ಪೇಟೆಂಟ್ ತಗೊಂಡ್ರು, ಆ ಕಾರ್ಡಿಯಲ್ಲೇ ಗಿಮ್ಲೆಟ್‌ಗೆ ಬಂದಿದ್ದು. ಅಂಗಡಿ ಕಾರ್ಡಿಯಲ್ ತರೋ ಬದಲು ಮನೇಲೇ ಮಾಡಿ. ಎಂಟು ಹತ್ತು ನಿಂಬೆಹಣ್ಣಿನ ಸಿಪ್ಪೆ ಪೀಲರ್‌ನಲ್ಲಿ ಹೆರೆದು, 150 ಗ್ರಾಂ ಸಕ್ಕರೆ ಹಾಕಿ ಕೈಲಿ ಚೆನ್ನಾಗಿ ಕಿವುಚಿ ಮುಚ್ಚಿಡಿ. ನಾಲ್ಕೈದು ಗಂಟೆ ಬಿಟ್ ನೋಡಿದ್ರೆ ಸಕ್ಕರೆ ಎಲ್ಲ ಒದ್ದೆ ಒದ್ದೆ ಆಗಿರುತ್ತೆ, ಸಿಪ್ಪೆ ಎಣ್ಣೆನ ಸಕ್ಕರೆ ಎಳ್ಕೊಂಡಿರುತ್ತೆ. ಆಗ ಅದೇ ಹಣ್ಣಿನ ರಸ ಒಂದು 150 ಎಂಎಲ್ ಹಾಕಿ ಕರಗಿಸಿ ಸೋಸಿ, ಒಲೆ ಮೇಲೆ ಇಡ್ಬೇಡಿ, ಕಾಯ್ಸಿದ್ರೆ ಘಮ ಹೋಗುತ್ತೆ. ಫ್ರಿಜ್‌ನಲ್ಲಿ ಒಂದು ವಾರಕ್ಕೆ ತೊಂದ್ರೆ ಇಲ್ಲ. 60 ಜಿನ್‌ಗೆ 25 ಇದು, ಐಸ್ ಹಾಕಿ ಶೇಕ್ ಮಾಡಿ. ಶೇಕರ್ ಬೇಕಾ ಅಂದ್ರೆ, ತಿರುಪು ಮುಚ್ಚಳದ ಸ್ಟೀಲ್ ಡಬ್ಬಿ ಸಾಕು, ಕೈಗೆ ಕೊರೆಯೋವರೆಗೂ ಕುಲುಕಿ. ಮಕ್ಕಳಿಗೆ ಅದೇ ಕಾರ್ಡಿಯಲ್‌ಗೆ ನೀರು ಹಾಕಿ ಶರಬತ್ತು ಮಾಡಿಕೊಟ್ವಿ, ಜ್ಯೂಸ್ ಅಂದಿದ್ದು ಹಂಗೆ ನಿಜಾನೂ ಆಯ್ತು.

ಟಾಮ್ ಕಾಲಿನ್ಸ್ ನಮ್ಮೋರಿಗೆ ಹೇಳಿಕೊಡೋದೇ ಬೇಡ, ನಿಂಬು ಸೋಡಾಕ್ಕೆ ಜಿನ್ ಹಾಕಿದ್ರೆ ಅದೇ. 60 ಜಿನ್, 20 ನಿಂಬೆರಸ, 15 ಸಕ್ಕರೆ ಪಾಕ, ಮೇಲೆ ಗೋಲಿಸೋಡಾ. ತಮಾಷೆ ನೋಡಿ, ಗೋಲಿ ಇರೋ ಆ ಬಾಟ್ಲಿಗೆ ಹೈರಮ್ ಕಾಡ್ ಅನ್ನೋ ಇಂಗ್ಲಿಷ್ ಇಂಜಿನಿಯರ್ ಪೇಟೆಂಟ್ ತಗೊಂಡಿದ್ದು 1870ರ ದಶಕದಲ್ಲಿ, ಟಾಮ್ ಕಾಲಿನ್ಸ್ ರೆಸಿಪಿ ಮೊದಲ ಸಲ ಅಚ್ಚಾಗಿದ್ದೂ 1876ರಲ್ಲಿ ಅಮೆರಿಕದಲ್ಲಿ. ಒಂದೇ ಕಾಲದವು ಎರಡೂ. ಒಂದು ಚಿಟಿಕೆ ಉಪ್ಪು ಹಾಕಿದ್ರೆ ಇನ್ನೂ ಚೆನ್ನ. ನೆಗ್ರೋನಿ ಅನ್ನೋ ಕಾಕ್‌ಟೇಲ್ ಮಾಡಣ ಅಂದ್ರೆ ಕಾಂಪಾರಿ ಅನ್ನೋ ಇಟಲಿಯ ಕಹಿ ಮದ್ಯ ಬೇಕು, ನಾವು ಕೇಳಿದ್ ಯಾವ ಅಂಗಡಿಲೂ ಇರ್ಲಿಲ್ಲ, ಬಿಟ್ವಿ.

ನಂಚ್ಕೊಳ್ಳೋಕೆ ಏನು ಅಂತ ಕೇಳ್ಬೇಡಿ, ದಾವಣಗೆರೆಲಿ ಅದಕ್ಕೆ ಎರಡನೇ ಉತ್ತರ ಇಲ್ಲ, ಮಂಡಕ್ಕಿ ಮೆಣಸಿನಕಾಯಿ. ಆದ್ರೆ ಇಲ್ಲೂ ಒಂದು ಮಾತಿದೆ. ಮಿರ್ಚಿ ಖಾರ ಹತ್ತಿದಾಗ ಬರೀ ಜಿನ್ನೋ ಗಿಮ್ಲೆಟ್ಟೋ ಕುಡಿದ್ರೆ ಉರಿ ಇಳಿಯಲ್ಲ, ಏರುತ್ತೆ. ಖಾರ ಆಲ್ಕೋಹಾಲಲ್ಲಿ ಕರಗುತ್ತೆ ನಿಜ, ಆದ್ರೆ ಬಾಯಲ್ಲಿ ಉರಿ ಗೊತ್ತು ಮಾಡೋ ನರಗಳನ್ನ ಆಲ್ಕೋಹಾಲೇ ಇನ್ನಷ್ಟು ಕೆರಳಿಸುತ್ತೆ. ಹಂಗಾಗಿ ಮಿರ್ಚಿ ಜೊತೆ ಉದ್ದ ಗ್ಲಾಸಿನ ಟಾನಿಕ್ಕೋ ಕಾಲಿನ್ಸೋ ಇರ್ಲಿ, ಗಿಮ್ಲೆಟ್‌ಗೆ ನರ್ಗೀಸ್ ಮಂಡಕ್ಕಿನೋ ಬರೀ ಹುರಿದ ಶೇಂಗಾನೋ ಸಾಕು. ಮಿರ್ಚಿ ಒಳಗಿನ ಓಂಕಾಳು ಮಾತ್ರ ಈ ಜಿನ್ ಜೊತೆ ಭಾರೀ ಹೊಂದುತ್ತೆ, ಮುಂದೆ ಯಾರಾದ್ರೂ ನಮ್ ಕಡೆಯೋರು ಜಿನ್ ಮಾಡಿದ್ರೆ ಓಂಕಾಳು ಹಾಕ್ಲಿ ಅಂತ ನನ್ ಅರ್ಜಿ.

ಕೊನೆಗೆ ಬೆಣ್ಣೆ ವಿಷ್ಯ. ಫ್ಯಾಟ್ ವಾಶ್ ಅಂತ ಒಂದು ವಿದ್ಯೆ ಇದೆ, ಕರಗಿಸಿದ ಕೊಬ್ಬನ್ನ ಮದ್ಯಕ್ಕೆ ಬೆರ್ಸಿ, ಫ್ರೀಜರ್‌ನಲ್ಲಿಟ್ಟು, ಗಟ್ಟಿಯಾದ ಕೊಬ್ಬು ತೆಗೆದುಬಿಡೋದು, ರುಚಿ ಮಾತ್ರ ಮದ್ಯದಲ್ಲಿ ಉಳಿಯುತ್ತೆ. 2007ರಲ್ಲಿ ನ್ಯೂಯಾರ್ಕಿನ ಪಿಡಿಟಿ ಬಾರಲ್ಲಿ ಡಾನ್ ಲೀ ಅನ್ನೋರು ಹಂದಿಮಾಂಸದ ಕೊಬ್ಬಲ್ಲಿ ಬರ್ಬನ್ ವಿಸ್ಕಿಗೆ ಹಿಂಗೆ ಮಾಡಿ ಫೇಮಸ್ ಆದ್ರು. ನಾವು ಲಿಂಗಾಯತ್ರ ಮನೆಯೋರು ಹಂದಿ ಎಲ್ಲಿ ತರೋಣ, ಆದ್ರೆ ಬೆಣ್ಣೆಗೆ ಈ ಊರಲ್ಲಿ ಬರ ಉಂಟಾ? 200 ಎಂಎಲ್ ಜಿನ್‌ಗೆ 50 ಗ್ರಾಂ ಬೆಣ್ಣೆ. ಬೆಣ್ಣೇಲಿ ಮಜ್ಜಿಗೆ ಅಂಶ ಇರುತ್ತಲ್ಲ, ಅದಕ್ಕೆ ಸಣ್ಣ ಉರಿಲಿ ತುಪ್ಪ ಆಗೋಕೆ ಒಂದ್ ಹೆಜ್ಜೆ ಮುಂಚೆವರೆಗೂ ಕಾಯ್ಸಿ, ಸ್ವಲ್ಪ ಆರಿಸಿ, ಗಾಜಿನ ಬಾಟ್ಲಿಲಿ ಜಿನ್ ಜೊತೆ ಕುಲುಕಿ, ಎರಡು ಗಂಟೆ ಹೊರಗಿಟ್ಟು ರಾತ್ರಿ ಫ್ರೀಜರ್‌ಗೆ ಹಾಕಿದೆ. ಮನೆ ಫ್ರೀಜರ್ ತಂಪಿಗೆ ಈ ಜಿನ್ ಹೆಪ್ಪುಗಟ್ಟಲ್ಲ, ಬೆಣ್ಣೆ ಮಾತ್ರ ಮೇಲೆ ಬಿಲ್ಲೆ ಆಗಿ ಕೂತಿರುತ್ತೆ, ಅದಕ್ಕೆ ತೂತು ಹೊಡ್ದು ಜಿನ್ ಬಸಿದು ಮೊದ್ಲು ಪಂಚೆ ಬಟ್ಟೇಲಿ, ಆಮೇಲೆ ಕಾಫಿ ಫಿಲ್ಟರ್ ಪೇಪರ್‌ನಲ್ಲಿ ಸೋಸಿದ್ದು.

ಬಾಯಲ್ಲಿ ರೇಷ್ಮೆ ಅಂತಾರಲ್ಲ, ಹಂಗೆ ಜಾರುತ್ತೆ, ಒಪ್ಕೊಳ್ತೀನಿ. ಮೂಗಿಗೆ ಮಾತ್ರ ಅರ್ಧ ಖಾಲಿ. ಕಿತ್ತಳೆ ಸಿಪ್ಪೆ ಎಲ್ಲಿ ಹೋಯ್ತು, ಜೂನಿಪರ್ ಎಲ್ಲಿ ಹೋಯ್ತು? ಯೋಚ್ನೆ ಮಾಡಿದ್ರೆ ಸರಿಯಾಗೇ ಇದೆ, ಎಣ್ಣೆಗೆ ಎಣ್ಣೆ ಕಂಡ್ರೆ ಪ್ರೀತಿ, ಜಿನ್‌ನಲ್ಲಿದ್ದ ಸುಗಂಧದ ಎಣ್ಣೆಲಿ ಒಂದು ಪಾಲನ್ನ ಬೆಣ್ಣೆ ಎಳ್ಕೊಂಡಿದೆ. ವಿಸ್ಕಿ ರಮ್ಮಿಗೆ ಇದು ಚೆನ್ನಾಗಿರ್ಬೋದು, ಅವುಗಳ ರುಚಿ ಮರದ ಪೀಪಾಯಿಂದ ಬರೋದೇ ಜಾಸ್ತಿ. ಸಿಪ್ಪೆ, ಬೀಜದ ಮೇಲೇ ನಿಂತಿರೋ ಇಂಥ ಜಿನ್‌ಗೆ ಬೇಡ, ಮೆನುಲಿ ಬರೆಯೋಕೆ ಚಂದ ಅಷ್ಟೆ.

ಆದ್ರೆ ಆ ಬೆಣ್ಣೆ! ಫ್ರೀಜರ್‌ನಿಂದ ತೆಗ್ದ ಬಿಲ್ಲೆ ಮೂಸಿದ್ರೆ ಕಳ್ದು ಹೋಗಿದ್ದ ಕಿತ್ತಳೆ, ಕೊತ್ತಂಬರಿ ಎಲ್ಲ ಅಲ್ಲೇ ಕೂತಿದ್ವು. ಮರುದಿನ ಬೆಳಿಗ್ಗೆ ಭಾವ ಅದನ್ನೇ ಕಾವಲಿ ಮೇಲಿದ್ದ ದೋಸೆಗೆ ಸವರಿದ್ರು, ಒಂಚೂರು ಸ್ಪಿರಿಟ್ ಉಳಿದಿರುತ್ತೆ ಅಂತ ಮಕ್ಕಳ ದೋಸೆಗೆ ಬೇರೆ ಬೆಣ್ಣೆ. ಅಮ್ಮ ವಾಸನೆ ಹಿಡಿದು ಇದೇನು ಬೆಣ್ಣೆಗೆ ಏಲಕ್ಕಿ ಹಾಕಿದೀರಾ ಅಂದ್ರು. ಭಾವ ಎರಡನೇ ದೋಸೆ ಹಾಕಿಸ್ಕೊಂಡ್ರು, ಡಾಕ್ಟ್ರು ಫೋನ್ ಮಾಡಿ ನಂಗೂ ಎರಡು ಕಟ್ಟಿಡಿ ಅಂದ್ರು, ಅಷ್ಟೊತ್ತಿಗೆ ಬಿಲ್ಲೆ ಮುಗ್ದಿತ್ತು.